ಹಿಂದಿನ ಸೀಟಿನಿಂದ ಜಪಾನಿಗೆ

ಜಪಾನಿನ ಹಳ್ಳಿಗಾಡಿನಲ್ಲಿ ನಾವೇ ಕಾರು ಓಡಿಸಿಕೊಂಡು ಬೇಸಿಗೆ ರಜೆ ಕಳೆಯಬೇಕೆನ್ನುವುದು ಮೊದಲಿಗೆ ನನ್ನೊಬ್ಬನ ಹುಚ್ಚಾಗಿತ್ತು. ನಾವು ಮೈಸೂರಿನಿಂದ ಡಬ್ಲಿನ್ನಿನ ಟಾಲಾಕ್ಕೆ ಬಂದು ಆಗ ಒಂಬತ್ತು ವರ್ಷ. ಐರ್ಲೆಂಡಿನಲ್ಲಿ ಎಲ್ಲಿಗೆ ಹೋದರೂ ಸ್ಟಿಯರಿಂಗ್ ನನ್ನ ಕೈಯಲ್ಲೇ ಇರುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು ಕೊಡುತ್ತಿದ್ದಳು, ಮಗಳು ಹಿಂದೆ ನಿದ್ದೆ ಹೊಡೆಯುತ್ತಿದ್ದಳು. ಕಾಲೇಜು ದಿನಗಳಲ್ಲಿ ಮಾಡಿಸಿಕೊಂಡ ಲೈಸೆನ್ಸ್ ಹೆಂಡತಿಯ ಹತ್ತಿರವೂ ಒಂದಿತ್ತು. ಅದರಲ್ಲಿದ್ದ ಫೋಟೋ ಬಿಟ್ಟರೆ ಅವಳಿಗೂ ಕಾರಿಗೂ ಬೇರೆ ಸಂಬಂಧ ಇರಲಿಲ್ಲ. ಅವಳು ಕೆಲಸ ಮಾಡುವ ಆಸ್ಪತ್ರೆಯ ಪ್ರಯೋಗಾಲಯ ಮನೆಯಿಂದ ಹತ್ತು ನಿಮಿಷದ ನಡಿಗೆ. ಪೇಟೆಗೆ ಹೋಗಲು ಲುವಾಸ್ ಟ್ರಾಮ್ ಇತ್ತು. ಡ್ರೈವಿಂಗ್ ಕಲಿಯುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ.

ನಾನು ಆರಿಸಿದ್ದು ಶಿಕೋಕು ಅನ್ನುವ ದ್ವೀಪವನ್ನು. ಜಪಾನಿನ ದೊಡ್ಡ ದ್ವೀಪಗಳಲ್ಲಿ ಅದು ತೀರಾ ಚಿಕ್ಕದು. ಪ್ರವಾಸಿಗಳ ಗದ್ದಲ ಕಡಿಮೆ, ಬೆಟ್ಟ ಜಾಸ್ತಿ. ತಕಾಮತ್ಸು ಎಂಬ ಊರಿನಲ್ಲಿ ಬಾಡಿಗೆ ಕಾರು ಹತ್ತಿ, ಇಯಾ ಕಣಿವೆಯ ಬೆಟ್ಟದ ಹಳ್ಳಿಗಳನ್ನು ನೋಡಿ, ಕೋಚಿಯಲ್ಲಿ ಸಮುದ್ರ ಮುಟ್ಟಿ, ಅಲ್ಲಿಂದ ಶಿಮಾಂತೊ ನದಿಯ ದಂಡೆ ಹಿಡಿದು ಮೇಲಕ್ಕೆ ಹೋಗುವುದು ನನ್ನ ಲೆಕ್ಕ. ಹನ್ನೊಂದು ದಿನಕ್ಕೆ ಒಂಬತ್ತು ಊರು. ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ನಕ್ಷೆ ಅಂಟಿಸಿ ದಾರಿಗೆಲ್ಲ ಹಳದಿ ಬಣ್ಣ ಬಳಿದಿದ್ದೆ. ಜಪಾನಿನಲ್ಲೂ ನಮ್ಮ ಹಾಗೆಯೇ ಎಡಬದಿಯ ಸಂಚಾರ, ಐರಿಷ್ ಲೈಸೆನ್ಸಿಗೆ ಜೊತೆಯಾಗಿ ಒಂದು ಅಂತರರಾಷ್ಟ್ರೀಯ ಪರ್ಮಿಟ್ ಪುಸ್ತಕ ಇದ್ದರೆ ಸಾಕು ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಹೋದ ವರ್ಷ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಕಾಫಿ ಲೋಟ ಹಿಡಿದು ಅದೇ ಫ್ರಿಜ್ಜಿನ ಮುಂದೆ ನಿಂತಿದ್ದವನು ಕೆಳಕ್ಕೆ ಬಿದ್ದೆ. ನನಗೆ ನೆನಪಿರುವುದು ಆಂಬ್ಯುಲೆನ್ಸಿನ ಚಾವಣಿ ಮಾತ್ರ. ಎರಡನೆಯ ಫಿಟ್ಸ್ ಆಸ್ಪತ್ರೆಯಲ್ಲೇ ಬಂತಂತೆ. ಒಂದು ವಾರದ ಪರೀಕ್ಷೆಗಳಾದ ಮೇಲೆ ಡಾಕ್ಟರು ಮಾತ್ರೆ ಬರೆದುಕೊಟ್ಟರು, ಹೆದರುವಂಥದ್ದೇನೂ ಇಲ್ಲ ಎಂದರು. ಕೊನೆಗೆ, ಒಂದು ವರ್ಷ ಫಿಟ್ಸ್ ಬರದೆ ಇದ್ದರೆ ಮಾತ್ರ ಮತ್ತೆ ಕಾರು ಮುಟ್ಟಬಹುದು ಎಂದರು. ಕಾಯಿಲೆಗಿಂತ ಆ ಮಾತೇ ನನ್ನನ್ನು ಹೆಚ್ಚು ಕುಗ್ಗಿಸಿತು.

ಮನೆಗೆ ಬಂದು ಫ್ರಿಜ್ಜಿನ ಮೇಲಿನ ನಕ್ಷೆ ಕಿತ್ತುಹಾಕಲು ಹೋದೆ. ಹೆಂಡತಿ ಕೈ ಅಡ್ಡ ಹಿಡಿದಳು.

"ಇರ್ಲಿ ಬಿಡ್ರೀ. ಈ ವರ್ಷದ್ದು ಕ್ಯಾನ್ಸಲ್ ಮಾಡೋಣ, ಮುಂದಿನ ವರ್ಷ ಹೋಗೋಣ."

"ಮುಂದಿನ ವರ್ಷ ನಾನು ಓಡಿಸೋ ಹಾಗೆ ಇರ್ತೀನೋ ಇಲ್ವೋ ಯಾರಿಗೆ ಗೊತ್ತು?"

"ನೀವು ಓಡಿಸ್ತೀರಿ ಅಂತ ಯಾರಂದ್ರು? ನಾನು ಓಡಿಸ್ತೀನಿ."

ನಾನು ನಕ್ಕುಬಿಟ್ಟೆ. ಆ ನಗು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ನಗಲಿಲ್ಲ. ಕುಕ್ಕರಿನ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಫೋನ್ ತೆಗೆದು ಡ್ರೈವಿಂಗಿನ ಥಿಯರಿ ಪರೀಕ್ಷೆಗೆ ಹೆಸರು ನೋಂದಾಯಿಸಿದಳು. ಅವಳಿಗಾಗ ನಲವತ್ಮೂರು ವರ್ಷ.

ಭಾರತದ ಲೈಸೆನ್ಸಿಗೆ ಇಲ್ಲಿ ಬದಲಿ ಸಿಗುವುದಿಲ್ಲ. ಥಿಯರಿ ಪರೀಕ್ಷೆ, ಕಲಿಯುವವರ ಪರ್ಮಿಟ್, ಹನ್ನೆರಡು ಪಾಠ, ಆಮೇಲೆ ರಸ್ತೆಯ ಪರೀಕ್ಷೆ, ಹೀಗೆ ಎಲ್ಲವೂ ಮೊದಲಿನಿಂದ. ಇದರ ಜೊತೆಗೆ ಇನ್ನೊಂದು ತೊಡಕು. ಕಲಿಯುವವರು ಒಬ್ಬರೇ ಕಾರು ಓಡಿಸುವಂತಿಲ್ಲ, ಲೈಸೆನ್ಸ್ ಇದ್ದವರು ಪಕ್ಕದಲ್ಲಿ ಇರಲೇಬೇಕು. ನಾನೋ ಆ ಲೆಕ್ಕಕ್ಕೆ ಬಾರದವನಾಗಿದ್ದೆ.

ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ಐರಿಷ್ ಹೆಂಗಸೊಬ್ಬರು ಒಬ್ಬರೇ ಇದ್ದಾರೆ. ಗಟ್ಟಿ ಆಳು. ನಮ್ಮ ಸುದ್ದಿ ತಿಳಿದು ಆ್ಯಪಲ್ ಟಾರ್ಟ್ ಹಿಡಿದುಕೊಂಡು ಬಂದವರಿಗೆ ಹೆಂಡತಿ ಈ ತೊಡಕು ಹೇಳಿದಳು. ಅವರು ವಿಕ್ಲೋ ಬೆಟ್ಟದ ಹಳ್ಳಿಗಳಿಗೆ ಸಂಚಾರಿ ಗ್ರಂಥಾಲಯದ ವ್ಯಾನನ್ನು ಬಹಳ ವರ್ಷ ಓಡಿಸಿದವರಂತೆ. ಅಷ್ಟು ವರ್ಷ ಎದುರುಬದುರು ಇದ್ದೂ ಅದು ನಮಗೆ ಗೊತ್ತಿರಲಿಲ್ಲ.

"ಭಾನುವಾರ ಬೆಳಿಗ್ಗೆ ನನಗೇನು ಕೆಲಸ? ಪಕ್ಕದಲ್ಲಿ ನಾನು ಕೂತರಾಯಿತು. ಗ್ರ್ಯಾಂಡ್!" ಎಂದರು. ಇಲ್ಲಿಯವರ ಬಾಯಲ್ಲಿ ಅದಕ್ಕೆ 'ಎಲ್ಲ ಸರಿಯಾಗುತ್ತೆ' ಎಂದರ್ಥ.

ಮೊದಲ ಭಾನುವಾರ ಕಾರನ್ನು ಅವರೇ ಓಡಿಸಿಕೊಂಡು ಕ್ಲಾಂಡಾಲ್ಕಿನ್ನಿನ ಕೈಗಾರಿಕಾ ಪ್ರದೇಶಕ್ಕೆ ಹೋದರು. ಗೋದಾಮುಗಳೆಲ್ಲ ಮುಚ್ಚಿದ್ದವು, ಅಗಲವಾದ ರಸ್ತೆಗಳು ಖಾಲಿ. ನಾನು ಹಿಂದಿನ ಸೀಟಿನಲ್ಲಿದ್ದೆ. ಹೆಂಡತಿ ಕಾರು ಹೊರಡಿಸಿದ್ದೇ ತಡ, ನನ್ನ ಬಾಯಿ ಸುಮ್ಮನಿರಲಿಲ್ಲ. "ಕನ್ನಡಿ ನೋಡು, ಬ್ರೇಕ್, ಬ್ರೇಕ್, ಸ್ವಲ್ಪ ಎಡಕ್ಕೆ." ಮೂರನೆಯ ತಿರುವಿನಲ್ಲಿ ಎದುರು ಮನೆಯವರು ಕಾರು ನಿಲ್ಲಿಸಲು ಹೇಳಿ ನನ್ನ ಕಡೆ ತಿರುಗಿದರು.

"ನನ್ನ ವ್ಯಾನಿನಲ್ಲಿ ಹಿಂದೆ ಪುಸ್ತಕಗಳಿರುತ್ತಿದ್ದವು. ಒಂದೂ ಮಾತಾಡುತ್ತಿರಲಿಲ್ಲ," ಎಂದರು.

ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಅವತ್ತಿನಿಂದ ನಾನು ಪುಸ್ತಕವಾದೆ.

ಅವರು ಕಲಿಸುವ ರೀತಿ ನೋಡಲು ಚೆನ್ನಾಗಿರುತ್ತಿತ್ತು. ಕೈ ಎರಡೂ ತೊಡೆಯ ಮೇಲೆ, ಕಣ್ಣು ರಸ್ತೆಯ ಮೇಲೆ. ತಪ್ಪಾದಾಗ ಏನೂ ಅನ್ನುತ್ತಿರಲಿಲ್ಲ. ಐದು ನಿಮಿಷ ಬಿಟ್ಟು, ಅವಳ ಎದೆಬಡಿತ ಇಳಿದ ಮೇಲೆ, "ಆ ಸೈಕಲ್ಲಿನವನನ್ನು ನೀನು ಎಲ್ಲಿ ಮೊದಲು ಕಂಡೆ?" ಎಂದು ಕೇಳುತ್ತಿದ್ದರು. ಅವಳು ಯೋಚಿಸಿ ಹೇಳುತ್ತಿದ್ದಳು. ಮುಂದಿನ ಭಾನುವಾರ ಅದೇ ಸೈಕಲ್ಲನ್ನು ಇನ್ನೂ ದೂರದಿಂದಲೇ ಕಾಣುತ್ತಿದ್ದಳು. ಮಳೆ, ಮಂಜು, ಡಿಸೆಂಬರಿನ ಚಳಿ, ಯಾವುದಕ್ಕೂ ಇಬ್ಬರೂ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಫೆಬ್ರವರಿಯ ಪರೀಕ್ಷೆಯಲ್ಲಿ ಅವಳು ಫೇಲಾದಳು. ದೊಡ್ಡ ರೌಂಡ್‌ಅಬೌಟಿನಲ್ಲಿ ತಪ್ಪು ಲೇನ್ ಹಿಡಿದಿದ್ದಳು. ಪರೀಕ್ಷಾ ಕೇಂದ್ರದ ಹೊರಗೆ ಕಾಯುತ್ತಿದ್ದ ನನಗೆ ಅವಳ ಮುಖ ನೋಡಿಯೇ ಗೊತ್ತಾಯಿತು. ಇಲ್ಲೊಂದು ನಿಜ ಹೇಳಿಬಿಡಬೇಕು. ಆ ಕ್ಷಣ ನನ್ನೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಸಮಾಧಾನವಾಯಿತು. ನಾನಿಲ್ಲದೆ ಆಗದು ಅನ್ನುವ ಕೆಟ್ಟ ಸಮಾಧಾನ. ಅವಳಿಗದು ಕಂಡಿರಬೇಕು. "ಏಪ್ರಿಲ್‌ಗೆ ಮತ್ತೆ ಡೇಟ್ ಸಿಗುತ್ತಂತೆ, ತಗೊಂಡೆ," ಎಂದಳು ಅಷ್ಟೇ. ಮನೆಯಲ್ಲಿ ಮಗಳು ಅವಳ ಸೊಂಟ ತಬ್ಬಿಕೊಂಡು, ತನ್ನ ಐರಿಷ್ ರಾಗದ ಇಂಗ್ಲಿಷಿನಲ್ಲಿ, ಯೂ ವಿಲ್ ಬಿ ಗ್ರ್ಯಾಂಡ್ ಅಮ್ಮಾ ಎಂದಳು. ಹನ್ನೊಂದು ವರ್ಷದ ಹುಡುಗಿಗೆ ಇದ್ದ ನಂಬಿಕೆ ನನಗೆ ಇರಲಿಲ್ಲ.

ಆ ಎರಡು ತಿಂಗಳಲ್ಲಿ ಪ್ರವಾಸದ ಯೋಜನೆ ನನ್ನ ಕೈಯಿಂದ ಅವಳ ಕೈಗೆ ಹೋಯಿತು. ಒಂದು ಸಂಜೆ ನಕ್ಷೆಯನ್ನು ಫ್ರಿಜ್ಜಿನಿಂದ ಕಿತ್ತು ಊಟದ ಮೇಜಿನ ಮೇಲೆ ಹರಡಿ, "ಇದ್ರಲ್ಲಿ ನಾವು ಕೂತ್ಕೊಂಡು ಊಟ ಮಾಡೋದು ಯಾವಾಗ ರೀ?" ಎಂದು ಕೇಳಿದಳು.

"ದಾರೀಲಿ ಎಲ್ಲಾದ್ರೂ ಸಿಗುತ್ತಲ್ಲ."

"ಮೀನಿನ ಸಾರಿಲ್ದೆ ಅಡುಗೆ ಮಾಡದ ಊರಲ್ಲಿ ಮೀನು ಮಾಂಸ ಮುಟ್ಟದ ನಮಗೆ ಎಲ್ಲಾದ್ರೂ ಏನು ಸಿಗುತ್ತೆ? ದಿನಾ ಐದು ಗಂಟೆ ಕಾರಲ್ಲೇ ಕೂತಿದ್ರೆ ಮಗು ಜಪಾನಲ್ಲಿ ನೋಡೋದಾದ್ರೂ ಏನು, ನಿಮ್ಮ ತಲೆ ಹಿಂಭಾಗಾನ?"

ಅವಳು ತನ್ನದೇ ನಿಯಮ ಮಾಡಿದಳು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾರು ಓಡಿಸುವುದಿಲ್ಲ. ಮಧ್ಯಾಹ್ನ ನಾಲ್ಕರೊಳಗೆ ತಂಗುವ ಮನೆ ಸೇರಬೇಕು. ಒಂದೊಂದು ಕಡೆ ಕನಿಷ್ಠ ಎರಡು ರಾತ್ರಿ. ಒಂಬತ್ತು ಊರು ನಾಲ್ಕಾದವು. ಬಿಟ್ಟುಹೋದ ಐದು ಊರುಗಳಿಗಾಗಿ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಉಳಿದ ನಾಲ್ಕರ ಬಗ್ಗೆ ಅವಳು ಏನೇನು ತಿಳಿದುಕೊಂಡಿದ್ದಾಳೆ ಎಂದು ನೋಡಿ ಸುಮ್ಮನಾದೆ.

ಕಂಪ್ಯೂಟರಿನಲ್ಲಿ ರಸ್ತೆಗಳ ಚಿತ್ರ ತೋರಿಸುವ ನಕ್ಷೆ ಇರುತ್ತದಲ್ಲ, ಅದರಲ್ಲಿ ಅವಳು ಇಯಾ ಕಣಿವೆಯ ದಾರಿಯನ್ನು ಒಂದೊಂದೇ ತಿರುವಾಗಿ ಹತ್ತಿದ್ದಳು. ಒಂದೇ ಕಾರು ಹಿಡಿಸುವಷ್ಟು ಕಿರಿದಾದ ಬೆಟ್ಟದ ರಸ್ತೆ ಅದು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಎದುರಿನಿಂದ ಗಾಡಿ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು. ಎಲ್ಲೆಲ್ಲಿ ರಸ್ತೆ ಅಗಲವಾಗುತ್ತದೆ ಎಂದು ಮಗಳ ಹಳೆಯ ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದಳು. 'ತಿರುವಿನ ಗುಂಡು ಕನ್ನಡಿ ದಾಟಿ ಎಡಕ್ಕೆ ಜಾಗ. ಕೆಂಪು ಅಂಚೆಪೆಟ್ಟಿಗೆ ಹತ್ತಿರ ಎರಡು ಕಾರು ಹಿಡಿಯುತ್ತೆ. ಸುರಂಗದ ಬಾಯಲ್ಲಿ ನಿಲ್ಲಬಹುದು.' ಹೀಗೆ ಹದಿನಾಲ್ಕು ಪುಟ. 'ನಿಲ್ಲಿ' ಅನ್ನುವ ಅಲ್ಲಿನ ಫಲಕ ತಲೆಕೆಳಗಾದ ಕೆಂಪು ತ್ರಿಕೋನ, ರೈಲು ದಾಟುವಲ್ಲಿ ಗೇಟು ತೆರೆದಿದ್ದರೂ ಪೂರ್ತಿ ನಿಲ್ಲಲೇಬೇಕು, ಇಂಡಿಕೇಟರ್ ಕಡ್ಡಿ ಬಲಗೈಗೆ ಇರುತ್ತದೆ, ಇವೆಲ್ಲ ಕೊನೆಯ ಪುಟದಲ್ಲಿದ್ದವು. ಮೂರು ವರ್ಷದಿಂದ ಜಪಾನ್ ಜಪಾನ್ ಎಂದು ಜಪಿಸಿದ ನನಗೆ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ನಾನು ನೋಡಿದ್ದು ಹೋಗಿ ಸೇರುವ ಜಾಗಗಳನ್ನು. ಅವಳು ದಾರಿಯನ್ನು ನೋಡಿದ್ದಳು.

ಏಪ್ರಿಲಿನಲ್ಲಿ ಪಾಸಾದಳು. ಎದುರು ಮನೆಯವರು ರಸ್ತೆಯ ಮಧ್ಯೆಯೇ ಅವಳನ್ನು ಹಿಡಿದು ಕುಣಿಸಿದರು. ಹೊಸಬರು ಹಾಕಿಕೊಳ್ಳಬೇಕಾದ ಎನ್ ಅಕ್ಷರದ ಫಲಕವನ್ನು ಕಾರಿನ ಗಾಜಿಗೆ ಅಂಟಿಸಿದ್ದು ಮಗಳು. ಅಂತರರಾಷ್ಟ್ರೀಯ ಪರ್ಮಿಟ್ ಪುಸ್ತಕ ಅಂಚೆಯಲ್ಲಿ ಬಂದ ದಿನ ಹೆಂಡತಿ ಅದನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಲು ಹೋದವಳು, ಅಧಿಕಾರಿಗಳು ಬೇಡವೆಂದಾರು ಎಂದು ಕವರಿಗೆ ಮಾತ್ರ ಹಚ್ಚಿದಳು.

"ಪಾಸಾಗೋದು ಬೇರೆ, ಬೆಟ್ಟ ಬೇರೆ," ಎಂದು ಅವಳೇ ಹೇಳಿ, ಮೇ ತಿಂಗಳ ಒಂದು ಭಾನುವಾರ ನಮ್ಮನ್ನೆಲ್ಲ ವಿಕ್ಲೋ ಬೆಟ್ಟಕ್ಕೆ ಕರೆದುಕೊಂಡು ಹೋದಳು. ದಾರಿ ಹೇಳುತ್ತಿದ್ದವರು ಎದುರು ಮನೆಯವರು. ತಮ್ಮ ಗ್ರಂಥಾಲಯದ ವ್ಯಾನು ಹೋಗುತ್ತಿದ್ದ, ಯಾವ ನಕ್ಷೆಯಲ್ಲೂ ದಪ್ಪ ಗೆರೆಯಿಲ್ಲದ ಓಣಿಗಳಿಗೆಲ್ಲ ನುಗ್ಗಿಸಿದರು. ಎರಡೂ ಬದಿ ಕಲ್ಲಿನ ಗೋಡೆ, ಅದರ ಮೇಲೆ ಹಳದಿ ಹೂವಿನ ಮುಳ್ಳುಪೊದೆ. ಒಂದು ಇಳಿಜಾರಿನ ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು, ಹಿಂದೆ ಹುಲ್ಲಿನ ಉರುಳೆಗಳ ಟ್ರೇಲರ್. ಅದು ಹಿಂದೆ ಹೋಗುವಂತಿರಲಿಲ್ಲ.

ಹೆಂಡತಿ ರಿವರ್ಸ್ ಗೇರ್ ಹಾಕಿದಳು. ಕೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಇಟ್ಟು, ಹಿಂದೆ ತಿರುಗಿ, ನನ್ನ ತಲೆ ಅಡ್ಡ ಬಂದಾಗ "ಬಗ್ಗಿ" ಎಂದಳು. ನಾನು ಬಗ್ಗಿದೆ. ಕಾರು ಏರಿನ ಮೇಲೆ ನಿಧಾನವಾಗಿ ಹಿಂದಕ್ಕೆ ಸರಿಯಿತು. ಒಂದು ಕಡೆ ಗೋಡೆ ಒಂದು ಗೇಣು, ಇನ್ನೊಂದು ಕಡೆ ಚರಂಡಿ ಅದಕ್ಕೂ ಕಡಿಮೆ. ನಾನು ಓಡಿಸಿದ್ದರೆ ಆ ಅವಸರದಲ್ಲಿ ಕನ್ನಡಿಯನ್ನಾದರೂ ಒಡೆದುಕೊಂಡಿರುತ್ತಿದ್ದೆ. ಅವಳು ಮಧ್ಯೆ ಎರಡು ಸಲ ನಿಲ್ಲಿಸಿ, ನೇರ ಮಾಡಿಕೊಂಡು, ಒಂದು ಹೊಲದ ಗೇಟಿನ ಬಾಯಿಗೆ ಕಾರನ್ನು ಸೇರಿಸಿದಳು. ಟ್ರ್ಯಾಕ್ಟರಿನವನು ಸ್ಟಿಯರಿಂಗಿನಿಂದ ಒಂದೇ ಬೆರಳೆತ್ತಿ ವಂದಿಸಿ ಹೋದ. ಈ ಕಡೆಯ ರೈತರು ಅಷ್ಟನ್ನೂ ಎಲ್ಲರಿಗೂ ಕೊಡುವುದಿಲ್ಲ.

ಎದುರು ಮನೆಯವರು ತೊಡೆಯ ಮೇಲಿನ ಕೈ ಎತ್ತಿರಲಿಲ್ಲ. "ಈ ಗೇಟು ನೀನು ಎಲ್ಲಿ ಮೊದಲು ಕಂಡೆ?" ಎಂದು ಕೇಳಿದರು.

"ಇಳಿಯೋವಾಗ್ಲೇ ನೋಡ್ಕೊಂಡಿದ್ದೆ," ಎಂದು ಹೆಂಡತಿ ಕನ್ನಡದಲ್ಲೇ ಹೇಳಿಬಿಟ್ಟಳು. ಮಗಳು ಇಂಗ್ಲಿಷಿಗೆ ತಂದು ಹೇಳುವಷ್ಟರಲ್ಲಿ ಅವರು ತಲೆಯಾಡಿಸಿ ಆಗಿತ್ತು.

ಜೂನಿನಲ್ಲಿ ಡಾಕ್ಟರು ನನ್ನ ಕಾಗದಗಳನ್ನೆಲ್ಲ ನೋಡಿ, ಮತ್ತೆ ಕಾರು ಓಡಿಸಬಹುದು ಎಂದರು. ಒಂದು ವರ್ಷ ಕಾದಿದ್ದ ಮಾತು. ಅವತ್ತು ಸಂಜೆ ಬಾಡಿಗೆ ಕಾರಿನ ಅರ್ಜಿ ತುಂಬಿಸುತ್ತಿದ್ದೆವು. 'ಎರಡನೆಯ ಚಾಲಕರು' ಅನ್ನುವ ಜಾಗಕ್ಕೆ ಬಂದು ನಾನು ನಿಂತೆ.

"ಹಾಕ್ರೀ ನಿಮ್ಮ ಹೆಸರು. ಯಾಕೆ ಯೋಚ್ನೆ ಮಾಡ್ತಿದೀರ? ಕೋಚಿಯಿಂದಾಚೆ ಸಮುದ್ರದ ಪಕ್ಕದ ದಾರಿ ನೀವು ಓಡ್ಸಿ. ಬೆಟ್ಟ ನಂದು."

"ಆಗ್ಲಿ," ಎಂದೆ. ಒಂದು ವರ್ಷದ ಹಿಂದಿನ ನಾನಾಗಿದ್ದರೆ ವಾದ ಮಾಡುತ್ತಿದ್ದೆ.

ಈಗ ಹೊರಡಲು ಮೂರು ವಾರ ಇದೆ. ಇಯಾ ಕಣಿವೆಯಲ್ಲಿ ನಾವು ತಂಗುವ ಮನೆಯ ಯಜಮಾನರಿಂದ ಮೊನ್ನೆ ಒಂದು ಮೇಲ್ ಬಂತು. ಮೀನು ಮಾಂಸ ಬೇಡವೆಂದು ತಿಳಿಯಿತು, ಬೆಟ್ಟದ ಸೊಪ್ಪು, ತೋಫು, ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಶಾವಿಗೆ ಮಾಡಿಸುತ್ತೇವೆ ಎಂದು ಬರೆದಿದ್ದರು. ಜೊತೆಗೆ, ದಾರಿ ಬಹಳ ಕಿರಿದು, ಅಭ್ಯಾಸವಿಲ್ಲದವರಿಗೆ ಕಷ್ಟವಾಗಬಹುದು, ಬೇಕಿದ್ದರೆ ಕೆಳಗಿನ ಬಸ್ ನಿಲ್ದಾಣದ ಹತ್ತಿರ ನನ್ನ ಗಾಡಿ ತಂದು ದಾರಿ ತೋರಿಸುತ್ತ ನಿಮ್ಮ ಮುಂದೆ ಹೋಗಲೇ ಎಂದೂ ಕೇಳಿದ್ದರು.

ಓದಿ ನನಗೆ ರೋಷ ಬಂತು. "ಬೇಡ ಅಂತ ಬರೀತೀನಿ. ನಿನ್ನ ಡ್ರೈವಿಂಗ್ ಅವ್ರಿಗೇನು ಗೊತ್ತು?"

ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ತಲೆಯೆತ್ತದೆ, "ಯಾಕ್ರೀ ಬೇಡ? ಪಾಪ, ಅಷ್ಟು ಪ್ರೀತಿಯಿಂದ ಕರೀತಿದಾರೆ. ಬರ್ಲಿ. ಆ ದಾರೀಲೇ ಬೆಳೆದೋರು ಮುಂದೆ ಹೋಗ್ತಿದ್ರೆ ಕಲಿಯೋಕೆ ಎಷ್ಟಿರುತ್ತೆ. ಮೂರೂವರೆಗೆ ಬಸ್ ಸ್ಟಾಪ್ ಹತ್ರ ಇರ್ತೀವಿ ಅಂತ ಬರೀರಿ," ಎಂದಳು.

ಅವಳು ಹೇಳಿದ ಹಾಗೆಯೇ ಬರೆದೆ. ಕೆಳಗೆ ಅವಳ ಹೆಸರನ್ನೇ ಹಾಕಿ ಕಳಿಸಿದೆ.