ಹನ್ನೊಂದು ಹಿತ್ತಾಳೆ ಹಿಡಿಗಳು

ಮಖಮಲ್ಲಿನ ಪೆಟ್ಟಿಗೆ ತೆರೆದ ವಾರದಿಂದ ವಾರಿಜಮ್ಮ ಯಲ್ಲಯ್ಯನವರನ್ನು ‘ನೀವು’ ಎನ್ನತೊಡಗಿದರು. ನಲವತ್ತೆಂಟು ವರ್ಷ ‘ನೀನು’ ಎಂದೇ ಕರೆಸಿಕೊಂಡವರಿಗೆ ಆ ಮರ್ಯಾದೆ ತಣ್ಣಗೆ ತಾಗಿತು.

ಯಲ್ಲಯ್ಯ ಸಿದ್ದಾಪುರದವರು. ಹದಿನೆಂಟರ ವಯಸ್ಸಿನಲ್ಲಿ ಯಡಿಯೂರು ಕೆರೆಯ ಹತ್ತಿರ ವಾರಿಜಮ್ಮನ ಗಂಡ, ದಂತವೈದ್ಯ ತಿರುಮಲೇಶರ ಕ್ಲಿನಿಕ್ಕಿಗೆ ಸೇರಿದರು. ಉಪಕರಣಗಳನ್ನು ತೊಳೆದು ಕುದಿಸುವುದು ಅವರ ಕೆಲಸ. ಕರೆಂಟು ಹೋದಾಗ, ಕಾಲಿನಿಂದ ತುಳಿಯುವ ಹಳೆಯ ಡ್ರಿಲ್ಲು ಮೂಲೆಯಿಂದ ಹೊರಬರುತ್ತಿತ್ತು. ಹೊಲಿಗೆ ಯಂತ್ರದಂಥ ಪೆಡಲು, ದೊಡ್ಡ ಚಕ್ರ, ಅದರಿಂದ ಕೊರೆಯುವ ಮೊನೆಯವರೆಗೆ ಒಂದು ದಾರ. ಡಾಕ್ಟರು ಕೊರೆಯುತ್ತಿದ್ದರು, ಯಲ್ಲಯ್ಯ ತುಳಿಯುತ್ತಿದ್ದರು. ಹುಳುಕು ಎಷ್ಟು ಆಳಕ್ಕಿಳಿದಿದೆ ಎಂಬುದು ಬಾಯಿ ನೋಡದೆಯೇ ಅವರ ಪಾದಕ್ಕೆ ತಿಳಿಯುತ್ತಿತ್ತಂತೆ.

ಕಳೆದ ವರ್ಷ ಡಾಕ್ಟರು ತೀರಿಕೊಂಡರು. ಅವರ ಮಗ ಶ್ರೀಕರ್ ಕೂಡ ದಂತವೈದ್ಯ. ಕ್ಲಿನಿಕ್ಕನ್ನು ಜೆ.ಪಿ. ನಗರಕ್ಕೆ ಸಾಗಿಸಿ, ಅಲ್ಲಿ ಗಾಜಿನ ಕಪಾಟಿನಲ್ಲಿ ತಾತನ ಉಪಕರಣಗಳನ್ನು ಇಡಬೇಕೆಂದು ಅವನ ಆಸೆ. ತಾತನೂ ಹಲ್ಲಿನ ಡಾಕ್ಟರೇ. ಮದರಾಸಿನ ಹಳೆ ಸಾಮಾನಿನ ಅಂಗಡಿಯಲ್ಲಿ ಅವರು ಕೊಂಡಿದ್ದ ಪೆಟ್ಟಿಗೆ ಅದು. ನೀಲಿ ಮಖಮಲ್ಲಿನ ಗುಳಿಗಳಲ್ಲಿ ಹನ್ನೆರಡು ಉಪಕರಣ. ಫೋಟೋ ನೋಡಿದ ಪರಿಚಿತ ಸಂಗ್ರಾಹಕರೊಬ್ಬರು ಅನುಮಾನ ಎತ್ತಿದರು. ಉಪಕರಣ ಕುದಿಸುವ ಪದ್ಧತಿ ಬರುವ ಮುಂಚಿನ ಈ ಬಗೆಯ ಪೆಟ್ಟಿಗೆಗಳಲ್ಲಿ ಎಲ್ಲದಕ್ಕೂ ಮುತ್ತಿನ ಚಿಪ್ಪಿನ ಹಿಡಿ ಇರಬೇಕು. ಇಲ್ಲಿ ಒಂದಕ್ಕೆ ಮಾತ್ರ ಇದೆ. ಉಳಿದ ಹನ್ನೊಂದನ್ನು ಯಾರೋ ಬದಲಾಯಿಸಿ ಹಿತ್ತಾಳೆ ಹಾಕಿದ್ದಾರೆ ಎಂದರು.

ಪೆಟ್ಟಿಗೆ ಇಟ್ಟಿದ್ದ ಬೀರುವಿನ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಬ್ಬರು ಈಗಿಲ್ಲ.

ಯಲ್ಲಯ್ಯ ಸಾಮಾನು ಕಟ್ಟುವಾಗ ವಾರಿಜಮ್ಮ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಪೆಟ್ಟಿಗೆ ಅವರ ಮಲಗುವ ಕೋಣೆಗೆ ಹೋಯಿತು. ಯಲ್ಲಯ್ಯನ ಮನೆಯ ಪಕ್ಕದಲ್ಲೇ ಒಂದು ಲೋಹ ಕಡೆಯುವ ಲೇತ್ ಅಂಗಡಿ ಇತ್ತಲ್ಲವೇ ಎಂದು ಮಗನನ್ನು ಎರಡು ಸಲ ಕೇಳಿದರು. ಹಿಡಿಗಳ ಬಗ್ಗೆ ಶ್ರೀಕರ್ ನೇರವಾಗಿ ವಿಚಾರಿಸಿದಾಗ ಯಲ್ಲಯ್ಯ ತನಗೇನೂ ಗೊತ್ತಿಲ್ಲ ಎಂದುಬಿಟ್ಟರು. ಆದರೆ ಹಾಗೆನ್ನುವಾಗ ನೆಲ ನೋಡಿದರು. ಅದನ್ನು ತಾಯಿ ಮಗ ಇಬ್ಬರೂ ಕಂಡರು.

ಶನಿವಾರ ವಾರಿಜಮ್ಮ ಕೈ ಚಾಚಿದರು. “ಕೀಲಿ ಕೊಟ್ಬಿಡಿ. ಇನ್ನು ನಿಮಗ್ಯಾಕೆ ತೊಂದ್ರೆ.”

ಯಲ್ಲಯ್ಯ ಕೀಲಿ ಕೊಟ್ಟರು. ವಾರಿಜಮ್ಮ ಅದನ್ನು ಮೇಜಿನ ಮೇಲಿಟ್ಟರು. ಕೊಟ್ಟವರು ಹೊರಡಲಿಲ್ಲ.

“ಕದ್ದಿಲ್ಲಮ್ಮ. ಬೇಯ್ಸಿಬಿಟ್ಟೆ.”

ಆಮೇಲೆ ಅವರು ಹೇಳಿದ್ದು ಇಷ್ಟು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಡಾಕ್ಟರ ಮದುವೆಗೂ ಮುಂಚೆ, ಆಯುಧಪೂಜೆಗೆ ಡಾಕ್ಟರು ಆ ಪೆಟ್ಟಿಗೆಯನ್ನೂ ತೆಗೆದು ಎಲ್ಲಕ್ಕೂ ಕುಂಕುಮ ಹಚ್ಚಿದ್ದರು. ಕುಂಕುಮ ಮೆತ್ತಿದ್ದನ್ನು ಕುದಿಸದೆ ರೋಗಿಯ ಬಾಯಿಗೆ ಹಾಕಬಾರದೆಂದು ಅವರೇ ಕಲಿಸಿದ್ದರು. ಮಾರನೆಯ ಬೆಳಿಗ್ಗೆ ಹೊಸ ಹುಡುಗ ಯಲ್ಲಯ್ಯ ಬಳಸುವ ಉಪಕರಣ, ಪೂಜೆಯ ಉಪಕರಣ ಎಂದು ಬೇರೆ ಮಾಡದೆ ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿದರು. ಅಂಟಿಸಿದ್ದ ಅರಗು ಕರಗಿ, ಚಿಪ್ಪು ಎದ್ದು ಬಂದು ಚೂರಾಯಿತು. ದೇವರ ಪಟದ ಹೂವಿನಡಿ ಮರೆತುಹೋಗಿದ್ದ ಒಂದು ಮಾತ್ರ ಉಳಿಯಿತು. ತಮ್ಮ ತಂದೆಗೆ ತಿಳಿದರೆ ಹುಡುಗನ ಕೆಲಸ ಹೋಗುತ್ತದೆಂದು ಡಾಕ್ಟರೇ ಸಿದ್ದಾಪುರದ ಲೇತಿನಲ್ಲಿ ಹಿತ್ತಾಳೆ ಹಿಡಿ ಮಾಡಿಸಿದರು. ಯಾರಿಗೂ ಹೇಳಬೇಡ ಎಂದರು.

“ಇಲ್ಲದೋರ ತಲೆಗೆ ಕಟ್ಟೋದು ಸುಲಭ” ಎಂದರು ವಾರಿಜಮ್ಮ.

“ಹಿಡ್ದು ನೋಡಿ ಅಮ್ಮ.”

ಶ್ರೀಕರ್ ಪೆಟ್ಟಿಗೆ ತಂದು ಒಂದು ಉಪಕರಣ ತೆಗೆದುಕೊಂಡ. ಹಿತ್ತಾಳೆಯಲ್ಲಿ ಹೆಬ್ಬೆರಳಿಗೆಂದು ಅರದಿಂದ ಉಜ್ಜಿದ ತಗ್ಗಿತ್ತು. ಅವನ ಬಲಗೈ ಹೆಬ್ಬೆರಳು ಅದರಲ್ಲಿ ಕೂರಲಿಲ್ಲ. ಇನ್ನೊಂದು ತೆಗೆದ. ಅದೂ ಹಾಗೇ. ವಾರಿಜಮ್ಮ ಅವನ ಕೈಯಿಂದ ಅದನ್ನು ಕಿತ್ತುಕೊಂಡು ತಮ್ಮ ಎಡಗೈಗೆ ದಾಟಿಸಿದರು. ಹೆಬ್ಬೆರಳು ತಗ್ಗಿನಲ್ಲಿ ಸರಿಯಾಗಿ ಕೂತಿತು. ಆ ಕ್ಲಿನಿಕ್ಕಿನಲ್ಲಿ ಎಡಗೈಯವರು ಅವರ ಗಂಡ ಒಬ್ಬರೇ. ಹಿತ್ತಾಳೆಯಾದರೆ ಕುದಿಸಬಹುದಲ್ಲ, ಅದಕ್ಕೇ ಡಾಕ್ಟರು ಮೊದಲ ಕೆಲವು ವರ್ಷ ಅವನ್ನು ಕೆಲಸಕ್ಕೂ ಬಳಸಿದರು ಎಂದು ಯಲ್ಲಯ್ಯ ಮೆಲ್ಲಗೆ ಸೇರಿಸಿದರು.

“ಮಾವನವರಿಗೆ ಹೇಗೆ ಗೊತ್ತಾಗ್ಲಿಲ್ಲ?”

“ಅವ್ರಿಗೆ ಆಗ್ಲೇ ಕಣ್ಣು ಹೋಗಿತ್ತಲ್ಲಮ್ಮ. ವರ್ಷಾ ವರ್ಷ ಪೂಜೆ ದಿನ ಡಾಕ್ಟ್ರು ಪೆಟ್ಟಿಗೆ ಮುಚ್ಚೇ ಇಟ್ಟು ಆ ಒಂದು ಚಿಪ್ಪಿಂದೇ ಅವ್ರ ಕೈಗೆ ಕೊಡ್ತಿದ್ರು.”

ವಾರಿಜಮ್ಮ ಸ್ಟೂಲಿನ ಮೇಲೆ ಕೂತರು. ಮದುವೆಯಾಗಿ ಬಂದ ಮೇಲಿನ ಪೂಜೆಗಳಲ್ಲೆಲ್ಲ ಮಾವನ ಪಕ್ಕದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಲ್ಲುತ್ತಿದ್ದವರು ಅವರೇ. ಮಾವ ಹಿಡಿಯನ್ನು ಸವರಿ ನಗುತ್ತಿದ್ದರು, ಗಂಡನೂ ನಗುತ್ತಿದ್ದರು.

ಶ್ರೀಕರ್ ಮೇಜಿನ ಮೇಲಿದ್ದ ಕೀಲಿಯನ್ನು ಯಲ್ಲಯ್ಯನವರ ಕಡೆ ಸರಿಸಿ, ಕ್ಷಮೆ ಕೇಳುವವನಂತೆ ಕತ್ತು ತಗ್ಗಿಸಿದ. ಯಲ್ಲಯ್ಯ ಕೀಲಿ ತೆಗೆದುಕೊಂಡರು. ವಾರಿಜಮ್ಮ ಅದನ್ನು ಗಮನಿಸಲೇ ಇಲ್ಲ. ಅವರು ಗೋಡೆಯ ಮೇಲಿನ ಗಂಡನ ಫೋಟೋ ನೋಡುತ್ತಿದ್ದರು.

“ನನಗೊಂದು ಮಾತು ಹೇಳ್ಬಹುದಿತ್ತು ಇವ್ರು” ಎಂದರು. “ಇನ್ನೇನೇನು ಹೇಳಿಲ್ವೋ.”