ದೀಪದ ಮಸಿಯಲ್ಲಿ ಕೋವಿಯ ದೋಷ ಹುಡುಕುವ ಜೆಲ್ಮೀನಾ

ತ್ರೊಂಪಿಯಾ ಕಣಿವೆಗೆ ಇನ್ನೂ ಬೆಳಕು ಇಳಿದಿಲ್ಲ. ಮೆಲ್ಲಾ ನದಿಯ ಸದ್ದು ಬಿಟ್ಟರೆ ಎಚ್ಚರವಾಗಿರುವುದು ಕೋವಿ ರಿಪೇರಿಯ ಜೆಲ್ಮೀನಾ ಅವರ ಸೀಮೆಎಣ್ಣೆ ದೀಪ ಮಾತ್ರ. ಜೋಡುನಳಿಗೆಯ ಹಳೆಯ ಕೋವಿಯೊಂದನ್ನು ಬಿಚ್ಚಿ, ಒಳಗಿನ ಉಗುರಿನಷ್ಟು ಪುಟ್ಟ ಉಕ್ಕಿನ ಕೊಕ್ಕೆಯನ್ನು ಅವರು ದೀಪದ ಕುಡಿಗೆ ಹಿಡಿಯುತ್ತಾರೆ. ಮಸಿ ಹತ್ತಿದ ಕೊಕ್ಕೆಯನ್ನು ಜೋಡಿಸಿ, ಗುಂಡು ಹಾರಿಸುವ ಕುದುರೆಯನ್ನು ಬೆರಳಿನಿಂದ ಎಳೆದು, ಮತ್ತೆ ಬಿಚ್ಚಿ ನೋಡುತ್ತಾರೆ. ಮಸಿ ಅಳಿಸಿದಲ್ಲಿ ಉಕ್ಕಿಗೆ ಉಕ್ಕು ತಾಗಿದೆ ಎಂದರ್ಥ.

"ಎಲ್ಲಾ ಸರಿಯಾಗೇ ತಾಗಿದೆ. ಅದೇ ತಲೆನೋವು," ಎನ್ನುತ್ತಾರೆ.

ಕೋವಿ ಎಂಬತ್ತು ದಾಟಿದ ಬೋರ್ತೊಲೊ ಅವರದು, ಅಜ್ಜನಿಂದ ಬಂದದ್ದು. ಎರಡು ನಳಿಗೆಗೆ ಎರಡು ಕುದುರೆ, ಒಂದರ ಹಿಂದೆ ಒಂದು. ಕಳೆದ ವರ್ಷ ಮೊಲಕ್ಕೆ ಗುರಿಯಿಟ್ಟು ಒಂದನ್ನು ಹಾರಿಸಿದರೆ ಎರಡೂ ಹಾರಿದವು. ಬೋರ್ತೊಲೊ ಅಂಗಾತ ಬಿದ್ದರು. ಚರೆ ನಾಯಿಯ ಕಿವಿ ಸವರಿಕೊಂಡು ಹೋಯಿತು. ಈ ಭಾನುವಾರ ಮತ್ತೆ ಬೇಟೆ ಶುರು. ಕೋವಿ ಸರಿಯಾಗದೆ ಅವರು ಬೆಟ್ಟ ಹತ್ತುವಂತಿಲ್ಲ.

ಹತ್ತಲೇಬಾರದು ಎಂಬುದು ಹೆಂಡತಿ ಓರ್ಸೊಲಾ ಅವರ ಆಸೆ. ನಿನ್ನೆ ಒಂದು ಬುಟ್ಟಿ ಮೊಟ್ಟೆ ತಂದಿಟ್ಟು ಹೇಳಿಹೋಗಿದ್ದಾರೆ: "ಇದು ಇನ್ನು ರಿಪೇರಿ ಆಗಲ್ಲ ಅಂದ್ಬಿಡು ಕಣೇ. ನೀನಂದ್ರೆ ಆ ಮುದುಕ ನಂಬ್ತಾನೆ."

"ನಂಬ್ತಾರಲ್ಲ, ಅದಕ್ಕೇ ಸುಳ್ಳು ಹೇಳೋಕಾಗಲ್ಲ," ಎನ್ನುತ್ತಾರೆ ಜೆಲ್ಮೀನಾ.

ಹದಿನಾರಕ್ಕೇ ಕೋವಿ ಕಾರ್ಖಾನೆ ಸೇರಿದವರು ಅವರು. ಮರದ ಹಿಡಿಗೆ ಗೆರೆ ಕೊರೆಯುವುದು ಆಗ ಹೆಂಗಸರ ಕೆಲಸ, ಒಳಗಿನ ಯಂತ್ರ ಗಂಡಸರದು. ಕಣ್ಣು ಮಂಜಾದ ಮೇಸ್ತ್ರಿಯೊಬ್ಬರು, ಮಸಿ ಎಲ್ಲಿ ಅಳಿಸಿದೆ ಎಂದು ನೋಡಿ ಹೇಳಲು ಇವರನ್ನು ಪಕ್ಕಕ್ಕೆ ಕೂರಿಸಿಕೊಂಡರು. ಹೇಳುತ್ತ ಹೇಳುತ್ತ ಕೆಲಸ ಕೈಗೆ ಬಂತು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳು ಬೆಳೆದದ್ದು ಇದೇ ಮೇಜಿನ ಅರದ ಪುಡಿಯಲ್ಲಿ. "ಹೊಸ ಕೋವಿಗೆ ಬಿಡಿಭಾಗ ಸಿಗುತ್ತೆ. ಹಳೇದಕ್ಕೆ ನಾವೇ ಬಿಡಿಭಾಗ," ಎಂದು ನಗುತ್ತಾರೆ.

ಕೋವಿ ಜೋಡಿಸಿ, ಕೊನೆಗೆ ಹಿಂದಿನ ಕುದುರೆಗೂ ಒಂದಿಷ್ಟು ಮಸಿ ಹಿಡಿಸುವ ಹೊತ್ತಿಗೆ ಬೋರ್ತೊಲೊ ಬಾಗಿಲಲ್ಲಿ.

"ಪೋತಾ, ಥತ್ತೇರಿಕೆ! ಇನ್ನೂ ಮುಗೀಲಿಲ್ವಾ ಹುಡುಗಿ? ಇದೇನು ಕೋವಿನಾ, ಚರ್ಚಿನ ಗಡಿಯಾರಾನಾ?"

"ಖಾಲಿ ಇದೆ. ಮುಂದಿನ ಕುದುರೆ ಒಂದನ್ನೇ ಎಳೀರಿ, ನೋಡೋಣ."

ಎಳೆಯುತ್ತಾರೆ. ಟಿಕ್, ಟಿಕ್. ಎರಡೂ.

"ನೋಡಿದ್ಯಾ? ಕಳ್ಳ ಕೋವಿ!"

ಜೆಲ್ಮೀನಾ ಅವರ ಕೈ ಹಿಡಿದು ತಿರುಗಿಸುತ್ತಾರೆ. ಗಂಟು ಊದಿ ಮಡಚಲಾಗದ ತೋರುಬೆರಳು ಮುಂದಿನ ಕುದುರೆ ದಾಟಿ ಹಿಂದಿನದನ್ನೂ ಒತ್ತಿದೆ. ಬೆರಳ ತುದಿ ಕಪ್ಪು.

ಬೋರ್ತೊಲೊ ಆ ಬೆರಳನ್ನು ಜೆಲ್ಮೀನಾ ಅವರತ್ತ ಚಾಚುತ್ತಾರೆ.

"ಹಾಗಾದ್ರೆ ಇದಕ್ಕೇ ಅರ ಹಾಕು."

"ಅದು ನನ್ನ ಮಾತಿಗೆ ಬಗ್ಗಲ್ಲ."

"ನನ್ನ ಮಾತಿಗೇ ಬಗ್ತಿಲ್ಲ, ಬಿಡು."

ಬೋರ್ತೊಲೊ ಜೇಬಿನಿಂದ ಎರಡು ತೋಟಾ ತೆಗೆಯುತ್ತಾರೆ. "ಒಂದೇ ತುಂಬಿದ್ರೆ ಒಂದೇ ಹಾರುತ್ತೆ." ಒಂದನ್ನು ಮೇಜಿನ ಮೇಲಿಟ್ಟು, ಇನ್ನೊಂದನ್ನು ಜೇಬಿಗೆ ಹಾಕಿಕೊಂಡು, ಕೋವಿ ಹೆಗಲಿಗೇರಿಸಿ ಹೊರಡುತ್ತಾರೆ.

ಜೆಲ್ಮೀನಾ ದೀಪ ಆರಿಸುತ್ತಾರೆ. "ಓರ್ಸೊಲಾ ಬೈತಾರೆ. ಮೊಟ್ಟೆ ವಾಪಸ್ ಕಳಿಸ್ಬೇಕು," ಎಂದು ಬುಟ್ಟಿಯತ್ತ ನೋಡುತ್ತಾರೆ. "ಆದ್ರೂ ತಪ್ಪಿಲ್ಲದ ಕೋವಿ ಮೇಲೆ ನಾನು ಇವತ್ತಿಗೂ ತಪ್ಪು ಹೊರಿಸಿಲ್ಲ."