ಸ್ಟಾಪ್ ಬಂದರೆ ಮುಂದೆ ಇಂಗ್

ಜಯಮ್ಮನವರ ಕೆಲಸ ಕಳೆದವನು ನಾನು. ನಾನು ಬರೆದ ಒಂದು ಇಂಗ್ಲಿಷ್ ವಾಕ್ಯ ಅವರನ್ನು ಮನೆಗೆ ಕಳಿಸಿತು. ಆ ವಾಕ್ಯ ತಪ್ಪೆಂದು ತಿಳಿದ ಮೇಲೂ — ಅವರು ನನ್ನ ಪಕ್ಕದಲ್ಲೇ ನಿಂತಿದ್ದಾಗಲೂ — ನಾನು ಬಾಯಿ ಬಿಡಲಿಲ್ಲ. ಆರು ವರ್ಷವಾಯಿತು.

ಹಳೇಬೀಡಿನ ಹತ್ತಿರದ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಮಾದಿಹಳ್ಳಿಯ ಜಯಮ್ಮ ಅಲ್ಲಿ ಆಯಾ. ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳ ಮುಂದೆ ‘ಟು’ ಬರುತ್ತದೆ, ಕೆಲವಕ್ಕೆ ‘ಇಂಗ್’. ಅದನ್ನು ಮಕ್ಕಳ ತಲೆಗೆ ಹತ್ತಿಸಲು ನಾನೊಂದು ಪಟ್ಟಿ ಕಟ್ಟಿದ್ದೆ. “ಎಂಜಾಯ್, ಫಿನಿಶ್, ಅವಾಯ್ಡ್, ಸ್ಟಾಪ್ — ಮುಂದೆ ಇಂಗ್, ಟು ಬೇಡ!” ಎಂದು ಇಡೀ ತರಗತಿ ಕೂಗಬೇಕು. ‘ಸ್ಟಾಪ್ ಟು’ ಎಂದು ಬರೆದವರಿಗೆ ಕೆಂಪು ಗೀಟು ಎಳೆದಿದ್ದೇನೆ, ಕಿವಿ ಹಿಂಡಿದ್ದೇನೆ. ಎಂಥ ಜಂಬ ನನ್ನದು!

ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ಕೋಣೆಯ ಬೀಗ ತೆರೆದುಕೊಂಡು ನೇತಾಡುತ್ತಿತ್ತು. ಮೂರು ಲ್ಯಾಪ್‌ಟಾಪ್ ಇರಲಿಲ್ಲ. ಬೀಗವನ್ನು ಯಾರೂ ಒಡೆದಿರಲಿಲ್ಲ. ಶನಿವಾರ ಕೋಣೆ ಮುಚ್ಚುವ ಕೆಲಸ ಜಯಮ್ಮನವರದು. ಅವರ ಹೇಳಿಕೆ ಬೇಕು, ಅದೂ ಇಂಗ್ಲಿಷಿನಲ್ಲೇ ಬೇಕು ಎಂದರು ಆಡಳಿತ ಮಂಡಳಿಯ ಕಾರ್ಯದರ್ಶಿ. ಕನ್ನಡವೊಂದನ್ನೇ ಬಲ್ಲ ಹೆಂಗಸಿನ ಮಾತಿಗೆ ಇಂಗ್ಲಿಷ್ ಯಾಕೆ? ಆ ಕಾರ್ಯದರ್ಶಿಯ ಮನೆಮಾತೂ ಕನ್ನಡವೇ! ನೆನೆದರೆ ಮೈ ಉರಿಯುತ್ತದೆ. ಆದರೆ ಅವತ್ತು ಉರಿಯಲಿಲ್ಲ — ಬರೆಯಲು ನನ್ನನ್ನೇ ಕರೆದರಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

“ಎಲ್ಲಾರೂ ಬಸ್ಸಿಗೆ ಹೋದ್ರು ಸಾ. ನಾನೊಬ್ಳೇ ರೂಮಿಗೆ ಬೀಗ ಹಾಕಕ್ಕೆ ನಿಂತೆ,” ಎಂದರು ಜಯಮ್ಮ.

ನಿಂತೆ ಅಂದರೆ ಸ್ಟಾಪ್. ಸ್ಟಾಪ್ ಬಂದರೆ ಮುಂದೆ ಇಂಗ್. ಕೈ ತಡವರಿಸಲೇ ಇಲ್ಲ. ‘ಐ ಸ್ಟಾಪ್ಡ್ ಲಾಕಿಂಗ್ ದಿ ರೂಮ್’ ಎಂದು ದುಂಡಗೆ ಬರೆದೆ. ಒಮ್ಮೆ ಓದಿ ಹೇಳಲೇ ಎಂದು ಕೇಳಿದೆ. “ನೀವು ಬರ್ದ ಮ್ಯಾಲೆ ನೋಡಕ್ಕೆ ಇನ್ನೇನೈತೆ ಸಾ,” ಎನ್ನುತ್ತ ಅವರು ಕನ್ನಡದಲ್ಲಿ ಸಹಿ ಹಾಕಿದರು.

ಮರುದಿನ ಕಾರ್ಯದರ್ಶಿ ನಮ್ಮಿಬ್ಬರನ್ನೂ ಕರೆಸಿ ಅದನ್ನು ಗಟ್ಟಿಯಾಗಿ ಓದಿದರು. “ನೋಡ್ರೀ, ಬೀಗ ಹಾಕೋದನ್ನೇ ನಿಲ್ಸಿಬಿಟ್ಟಿದ್ದೆ ಅಂತ ಇವರೇ ಒಪ್ಕೊಂಡಿದ್ದಾರೆ.” ನನಗೆ ಆಗ ಹೊಳೆಯಿತು. ಬೀಗ ಹಾಕುವುದಕ್ಕೆಂದು ನಿಂತದ್ದು ‘ಸ್ಟಾಪ್ಡ್ ಟು ಲಾಕ್’. ನಾನು ಬರೆದಿದ್ದರ ಅರ್ಥ, ಹಾಕುವುದನ್ನೇ ಬಿಟ್ಟುಬಿಟ್ಟೆ ಎಂದು. ಇಷ್ಟು ವರ್ಷ ಕೂಗಿಸಿದ ಪಟ್ಟಿ ಅರ್ಧಂಬರ್ಧ. ಕೆಂಪು ಗೀಟು ಬೀಳಬೇಕಿದ್ದು ನನಗೆ.

“ಏನಂತೆ ಸಾ?” ಜಯಮ್ಮ ನನ್ನತ್ತ ತಿರುಗಿದರು.

ತಪ್ಪು ನನ್ನದು — ಎರಡೇ ಪದ. ಆದರೆ ಇಂಗ್ಲಿಷ್ ಮೇಷ್ಟ್ರಿಗೇ ಇಂಗ್ಲಿಷ್ ಬರುವುದಿಲ್ಲ ಎಂದಾದರೆ...

“ಆಮೇಲೆ ಹೇಳ್ತೀನಿ ಜಯಮ್ಮ,” ಎಂದೆ.

ಅವತ್ತೇ ಸಂಜೆ ಅವರನ್ನು ಕೆಲಸದಿಂದ ತೆಗೆದರು. ಆ ಬೀಗಕ್ಕೆ ಇನ್ನೂ ಎರಡು ಬೀಗದ ಕೈ ಇದ್ದವು. ಅವು ಯಾರ ಹತ್ತಿರ ಇದ್ದವೆಂದು ಒಬ್ಬರೂ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ನಾನು ಬರೆದುಕೊಟ್ಟಿದ್ದೆನಲ್ಲ! ಊರಲ್ಲಿ ಅವರಿಗೆ ‘ಬೀಗದ ಜಯಮ್ಮ’ ಎಂಬ ಹೆಸರು ಬಿತ್ತು. ನಂಬಿ ಮನೆಗೆಲಸಕ್ಕೂ ಯಾರೂ ಕರೆಯಲಿಲ್ಲವಂತೆ. ನಾನೇನು ಮಾಡಿದೆ? ಪಟ್ಟಿಯಿಂದ ‘ಸ್ಟಾಪ್’ ತೆಗೆದುಹಾಕಿದೆ. ಯಾಕೆ ಸಾರ್ ಎಂದು ಮಕ್ಕಳು ಕೇಳಿದರೆ, ಸಿಲಬಸ್ ಬದಲಾಗಿದೆ ಎಂದೆ. ಥೂ ನನ್ನ ಜನ್ಮಕ್ಕೆ.

ಹೋದ ತಿಂಗಳು ನಿವೃತ್ತನಾದೆ. ಕಳೆದುಕೊಳ್ಳಲು ಏನೂ ಉಳಿಯದ ಮೇಲೆ ಮಾದಿಹಳ್ಳಿಗೆ ಹೋದೆ — ಅದೂ ಹೇಡಿತನವೇ, ಗೊತ್ತು. ಜಯಮ್ಮ ಹಾಲು ಕರೆದು ಮುಗಿಸಿದ್ದರು. ಟು, ಇಂಗ್ ಎಂದೆಲ್ಲ ಬಿಡಿಸಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

“ಇಂಗ್ಲಿಸು ತಪ್ಪಿದ್ದು ಬುಡಿ. ಏನಂತೆ ಅಂತ ನಾನು ಕೇಳಿದ್ದು ಕನ್ನಡದಾಗೆ ಅಲ್ವಾ ಸಾ?”

ಅವರು ಹಾಲಿನ ಕ್ಯಾನು ಎತ್ತಿಕೊಂಡರು. “ಬನ್ನಿ. ನನ್ನೊಬ್ಳಿಗೆ ಹೇಳಿ ಏನಾಗ್ಬೇಕೈತೆ? ಡೇರಿ ತಾವ ಹೇಳಿ.”

ಅವರ ಹಿಂದೆ ಹೋದೆ. ಡೇರಿಯ ಮುಂದೆ ಹತ್ತು ಹದಿನೈದು ಜನ ಸಾಲಾಗಿ ನಿಂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. ಬೀಗ ಹಾಕುವುದಕ್ಕೆಂದೇ ಇವರು ಹಿಂದೆ ಉಳಿದಿದ್ದರು; ಹಾಕುವುದನ್ನು ಬಿಟ್ಟಿದ್ದರು ಎಂದು ತಪ್ಪಾಗಿ ಬರೆದವನು ನಾನು. ಹಾಲು ಅಳೆಯುತ್ತಿದ್ದವರು ಕೈ ನಿಲ್ಲಿಸಿ ತಲೆ ಎತ್ತಿ ಕೇಳಿದರು.

“ತಪ್ಪು ಅಂತ ನಿಮಗೆ ಯಾವಾಗ ತಿಳೀತು ಮೇಷ್ಟ್ರೇ?”

“ಮಾರನೇ ದಿನವೇ.”

“ತಿಳಿದೂ ಸುಮ್ಕಿದ್ರಾ?”

ಜಯಮ್ಮನವರ ಮುಖ ನೋಡಿದೆ. ಅವರೂ ಉತ್ತರಕ್ಕೇ ಕಾಯುತ್ತಿದ್ದರು.

“ತಿಳಿದೂ ಸುಮ್ಮನಿದ್ದೆ,” ಎಂದೆ.